ಮಗಳ ಕಾಲೇಜನ್ನು ಆರಿಸತಕ್ಕವರು ಯಾರು?

ಪಿ.ಯು.ಸಿ. ಪರೀಕ್ಷೆಯ ಫಲಿತಾಂಶ ಹೊರಬಿದ್ದೊಡನೆಯೇ ಯಲಹಂಕ, ಹೆಬ್ಬಾಳ, ಯಶವಂತಪುರ, ಆರ್. ಟಿ. ನಗರಗಳ ಮನೆಮನೆಗಳಲ್ಲಿ ಒಂದು ಚರ್ಚೆ ಮೊದಲಾಗುತ್ತದೆ: ಮಗಳನ್ನು ಮಹಿಳಾ ಕಾಲೇಜಿಗೆ ಸೇರಿಸತಕ್ಕದ್ದೋ, ಸಹಶಿಕ್ಷಣದ ಕಾಲೇಜಿಗೋ? ಚರ್ಚೆಯೇನೋ ಯೋಗ್ಯವಾದುದೇ. ಆದರೆ ಮಗನಿಗೆ ಕಾಲೇಜನ್ನು ಹುಡುಕುವಾಗ ಅಧ್ಯಾಪಕರು ಎಂಥವರು, ಗ್ರಂಥಾಲಯ ಹೇಗಿದೆ, ಮುಂದಿನ ಉದ್ಯೋಗವೇನು ಎಂದು ವಿಚಾರಿಸುವ ಗೃಹಸ್ಥರು, ಮಗಳ ಸರದಿ ಬಂದಾಗ ಅಲ್ಲಿ ಹುಡುಗರಿದ್ದಾರೆಯೇ ಎಂಬ ಒಂದೇ ಪ್ರಶ್ನೆಗೆ ನಿಂತುಬಿಡುತ್ತಾರೆ. ನಮ್ಮ ಆಕ್ಷೇಪವಿರುವುದು ಇಲ್ಲಿಯೇ.

ಮಹಿಳಾ ಕಾಲೇಜುಗಳನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ೧೮೮೧ರಲ್ಲಿ ಮೈಸೂರಿನಲ್ಲಿ ಮಹಾರಾಣಿಯವರ ಬಾಲಿಕಾ ಪಾಠಶಾಲೆ ಆರಂಭವಾದಾಗ, ಹೆಣ್ಣುಮಕ್ಕಳನ್ನು ಹುಡುಗರೊಡನೆ ಓದಿಸುವ ಮನೆತನಗಳು ಬಹು ವಿರಳ. ಅಂದು ಅವರ ಪಾಲಿಗೆ ತೆರೆದಿದ್ದ ಬಾಗಿಲು ಅದು. ಬೆಂಗಳೂರಿನಲ್ಲಿ ೧೯೩೮ರ ಮಹಾರಾಣಿ ಕಾಲೇಜು, ೧೯೪೮ರ ಮೌಂಟ್ ಕಾರ್ಮೆಲ್ ಕಾಲೇಜು, ಮಲ್ಲೇಶ್ವರದ ೧೯೭೨ರ ಮಹಾರಾಣಿ ಲಕ್ಷ್ಮಮ್ಮಣ್ಣಿ ಕಾಲೇಜು, ಇವೆಲ್ಲವೂ ಸ್ತ್ರೀಯರಿಗೆಂದೇ ಸ್ಥಾಪಿತವಾದವು. ಇಂಥ ಕಾಲೇಜಿನಲ್ಲಿ ಸಂಘದ ಅಧ್ಯಕ್ಷತೆಯೂ ಚರ್ಚಾಕೂಟದ ಮುಂದಾಳುತನವೂ ಹುಡುಗಿಯದೇ. ಪ್ರಯೋಗಶಾಲೆಯ ಉಪಕರಣವನ್ನು ಮೊದಲು ಕೈಗೆತ್ತಿಕೊಳ್ಳುವವಳೂ ಆಕೆಯೇ. ಈ ಲಾಭಕ್ಕಾಗಿ ಮಹಿಳಾ ಕಾಲೇಜನ್ನು ಬಯಸಿದ ಹುಡುಗಿಯ ಆಯ್ಕೆ ಸರ್ವಥಾ ಗೌರವಾರ್ಹವಾದುದು.

ಆದರೆ ಬಹುಮಂದಿ ತಂದೆಗಳು ಹೇಳುವ ಕಾರಣವೇ ಬೇರೆ, ಅದು ರಕ್ಷಣೆ. ಯಲಹಂಕದ ಹುಡುಗಿಯೊಬ್ಬಳು ಅರಮನೆ ರಸ್ತೆಯ ಕಾಲೇಜಿಗೆ ಹೋಗಬೇಕಾದರೆ ಹೆಬ್ಬಾಳದ ಮೇಲುಸೇತುವೆಯ ನೂಕುನುಗ್ಗಲನ್ನು ದಿನಕ್ಕೆರಡು ಸಲ ದಾಟಬೇಕು. ಆ ಬಸ್ಸಿನಲ್ಲಿ ಪುರುಷರಿಲ್ಲವೇ? ೨೦೨೩ರ ಜೂನ್ ತಿಂಗಳಿನಿಂದ ಶಕ್ತಿ ಯೋಜನೆಯ ಮೂಲಕ ರಾಜ್ಯದ ಸ್ತ್ರೀಯರು ಸರ್ಕಾರಿ ಬಸ್ಸುಗಳಲ್ಲಿ ಉಚಿತವಾಗಿ ಸಂಚರಿಸುತ್ತಿದ್ದಾರೆ. ನಾಡೆಲ್ಲ ಸಂಚರಿಸಬಲ್ಲವಳು ತರಗತಿಯ ಬೆಂಚಿನ ಬಳಿ ಮಾತ್ರ ಅಬಲೆಯಾಗುವುದೆಂತು?

ಸಹಶಿಕ್ಷಣವೆಂಬ ಹೆಸರೊಂದರಿಂದಲೇ ಸಮಾನತೆ ಬಂದಿತೆಂದು ನಂಬುವವರಿಗೂ ಒಂದು ಮಾತನ್ನು ಹೇಳಬೇಕಾಗಿದೆ. ಯಶವಂತಪುರದ ಬಳಿಯ ಭಾರತೀಯ ವಿಜ್ಞಾನ ಸಂಸ್ಥೆಗೆ ೧೯೩೩ರಲ್ಲಿ ಮುಂಬಯಿಯ ಕಮಲಾ ಭಾಗವತ್ ಎಂಬ ತರುಣಿ ಅರ್ಜಿ ಹಾಕಿದರು. ಸ್ತ್ರೀಯೆಂಬ ಕಾರಣಕ್ಕಾಗಿಯೇ ನಿರ್ದೇಶಕರಾದ ಸರ್ ಸಿ. ವಿ. ರಾಮನ್ ಅವರು ಪ್ರವೇಶವನ್ನು ನಿರಾಕರಿಸಿದರು. ಆಕೆ ಪಟ್ಟುಹಿಡಿದ ಮೇಲೆ ಒಂದು ವರ್ಷದ ಪರೀಕ್ಷಾವಧಿ, ಗಂಡಸರ ಗಮನ ಚದುರದಂತೆ ನಡೆದುಕೊಳ್ಳತಕ್ಕದ್ದೆಂಬ ಷರತ್ತು, ಇವುಗಳೊಡನೆ ಅಲ್ಲಿ ಸ್ಥಳ ದೊರೆಯಿತು. ಅದೇ ಕಮಲಾ ೧೯೩೯ರಲ್ಲಿ ಕೇಂಬ್ರಿಜ್ಜಿನಿಂದ ಡಾಕ್ಟರೇಟ್ ಪಡೆದರು. ಕಮಲಾ ಸೊಹೊನಿ ಎಂದು ಲೋಕ ಅವರನ್ನು ಬಲ್ಲದು. ಗಮನ ಚದುರುವುದು ಗಂಡಸರದು, ಷರತ್ತು ಮಾತ್ರ ಹೆಣ್ಣಿಗೆ! ಇಂದಿನ ಮನೆಗಳ ವಾದವೂ ಇದಕ್ಕಿಂತ ಎಷ್ಟು ಮುಂದೆ ಸಾಗಿದೆ?

ನಮ್ಮ ನಂಜನಗೂಡಿನ ರಾಜೇಶ್ವರಿ ಚಟರ್ಜಿಯವರನ್ನು ನೋಡಿರಿ. ಬಾಲ್ಯದಲ್ಲಿ ಮಹಿಳಾ ಸೇವಾ ಸಮಾಜದ ಶಾಲೆಯಲ್ಲಿ ಓದಿ, ಆಮೇಲೆ ಹುಡುಗರೊಡನೆ ಸೆಂಟ್ರಲ್ ಕಾಲೇಜಿನಲ್ಲಿ ಗಣಿತವನ್ನಭ್ಯಸಿಸಿ, ೧೯೫೩ರಲ್ಲಿ ಅಮೆರಿಕದ ಮಿಷಿಗನ್‌ನಿಂದ ಡಾಕ್ಟರೇಟ್ ಪಡೆದು, ಅದೇ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದರು. ಎರಡು ಬಗೆಯ ವಿದ್ಯಾಲಯಗಳೂ ಅವರಿಗೆ ಒದಗಿಬಂದವು. ಹುಡುಗಿಯ ಶಕ್ತಿಯನ್ನು ನಂಬುವ ಜನ ಎರಡೆಡೆಯಲ್ಲೂ ಇದ್ದುದೇ ಮುಖ್ಯ.

ಆದುದರಿಂದ ಕೇಳತಕ್ಕ ಪ್ರಶ್ನೆಗಳು ಇವು. ಆಕೆ ಬಯಸಿದ ವಿಷಯವನ್ನು ಅಲ್ಲಿ ಸಮರ್ಥರು ಕಲಿಸುವರೇ? ಗ್ರಂಥಾಲಯ ಸಂಜೆಯವರೆಗೆ ತೆರೆದಿರುವುದೇ? ವಿಶ್ವವಿದ್ಯಾನಿಲಯ ಅನುದಾನ ಆಯೋಗದ ೨೦೧೫ರ ನಿಯಮದಂತೆ ಲೈಂಗಿಕ ಕಿರುಕುಳದ ದೂರುಗಳಿಗೆ ಇರಲೇಬೇಕಾದ ಆಂತರಿಕ ಸಮಿತಿ ನಿಜವಾಗಿ ಕೆಲಸಮಾಡುತ್ತಿದೆಯೇ, ಗೋಡೆಯ ಫಲಕದಲ್ಲಿ ಮಾತ್ರ ಇದೆಯೇ? ರಕ್ಷಣೆಯ ಚಿಂತೆ ಪ್ರಾಮಾಣಿಕವಾದುದಾದರೆ ಈ ಕೊನೆಯ ಪ್ರಶ್ನೆಯನ್ನು ಎರಡು ಬಗೆಯ ಕಾಲೇಜುಗಳಲ್ಲಿಯೂ ಕೇಳತಕ್ಕದ್ದು. ಇತಿಹಾಸ, ಸಾಹಿತ್ಯ, ಅರ್ಥಶಾಸ್ತ್ರಗಳನ್ನು ಬಯಸಿದ ಹುಡುಗಿಗೆ "ಮದುವೆಯಾಗುವವರೆಗೆ ಎಲ್ಲಿಯಾದರೂ ಓದಲಿ" ಎಂದು ಹೇಳುವವರಂತೂ ಆಕೆಗೂ ಆ ವಿದ್ಯೆಗಳಿಗೂ ಒಟ್ಟಿಗೆ ಅಪಮಾನ ಮಾಡುತ್ತಾರೆ.

ಉಪಾಧ್ಯಾಯ ಮಹಾಶಯರೇ, ತಂದೆತಾಯಿಗಳು ಸಲಹೆ ಕೇಳಲು ಮೊದಲು ಬರುವುದು ನಿಮ್ಮಲ್ಲಿಗೆ. "ಯಾವ ಕಾಲೇಜು ಒಳ್ಳೆಯದು?" ಎಂದು ಅವರು ಕೇಳಿದಾಗ, "ನಿಮ್ಮ ಮಗಳು ಏನನ್ನುತ್ತಾಳೆ?" ಎಂದು ಮರಳಿ ಕೇಳಿರಿ. ಎರಡು ಕಾಲೇಜುಗಳನ್ನೂ ಆಕೆ ಕಣ್ಣಾರೆ ಕಂಡು, ಅಲ್ಲಿ ಓದುತ್ತಿರುವವರೊಡನೆ ಮಾತನಾಡಿ ಬರಲಿ. ಹದಿನೆಂಟು ತುಂಬಿದೊಡನೆ ನಾಡಿನ ಸರ್ಕಾರವನ್ನೇ ಆರಿಸಲು ಯೋಗ್ಯಳೆಂದು ಸಂವಿಧಾನವು ಒಪ್ಪಿದ ಹೆಣ್ಣುಮಗಳು, ತಾನು ಮೂರು ವರ್ಷ ಕುಳಿತು ಓದುವ ತರಗತಿಯನ್ನು ಆರಿಸಲು ಅಯೋಗ್ಯಳೆಂದು ಹೇಳುವ ಧೈರ್ಯ ಯಾವ ತಂದೆಗಿದೆಯೋ ಅವನು ಮುಂದೆ ಬಂದು ಹೇಳಲಿ.