ಎಚ್ಚರಿಕೆಯ ಜೊತೆಗೆ ಕೈಮರವೂ ಬೇಕು

ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಹಾಗೂ ಮಾಹಿತಿ ತಂತ್ರಜ್ಞಾನ, ಜೈವಿಕ ತಂತ್ರಜ್ಞಾನ ಸಚಿವರಾದ
ಶ್ರೀ ಪ್ರಿಯಾಂಕ್ ಖರ್ಗೆ ಅವರಿಗೆ,

ವಿಷಯ: ಮನೆಯಿಂದಲೇ ಮಾಡಬಹುದಾದ ನಂಬಿಕಸ್ಥ ಆನ್‌ಲೈನ್ ಕೆಲಸಗಳ ಮಾಹಿತಿ ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರಗಳಲ್ಲಿ ಸಿಗುವಂತೆ ಮಾಡುವ ಕುರಿತು.

ಮಾನ್ಯರೇ,

“ಮನೇಲೇ ಕೂತು ಮಾಡೋ ಕೆಲಸ ಏನಾದ್ರೂ ಇದ್ರೆ ಹೇಳಿ.” ಶಿರಸಿಯಲ್ಲಿದ್ದುಕೊಂಡು ಅನುವಾದ, ಸಬ್‌ಟೈಟಲ್ ಕೆಲಸ ಮಾಡುವ ನನ್ನನ್ನು ಜನ ಮತ್ತೆ ಮತ್ತೆ ಕೇಳುವ ಮಾತು ಇದು. ಕೇಳುವವರು ಸೋಮಾರಿಗಳಲ್ಲ. ಎಳೆ ಮಗುವನ್ನು ಬಿಟ್ಟು ಹೊರಡಲಾಗದ ತಾಯಂದಿರು, ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಳ್ಳುವ ಸೊಸೆಯಂದಿರು, ದಿನಕ್ಕೆ ಎರಡೇ ಸಲ ಬಸ್ಸು ಬರುವ ಊರಿನ ಪದವೀಧರರು, ಮನೆಯ ಮೆಟ್ಟಿಲು ಇಳಿಯಲು ಇನ್ನೊಬ್ಬರ ಹೆಗಲು ಬೇಕಾದ ಅಂಗವಿಕಲರು. ಅವರ ಕೈಯಲ್ಲಿ ಫೋನಿದೆ, ದಿನದಲ್ಲಿ ಒಂದಷ್ಟು ಹೊತ್ತು ಬಿಡುವಿದೆ, ದುಡಿಯುವ ಮನಸ್ಸಿದೆ. ಕೆಲಸ ಎಲ್ಲಿ ಸಿಗುತ್ತದೆ ಎನ್ನುವುದೊಂದು ಗೊತ್ತಿಲ್ಲ. ಗ್ರಾಮ ಪಂಚಾಯಿತಿಯೂ ಮಾಹಿತಿ ತಂತ್ರಜ್ಞಾನವೂ ಒಬ್ಬರೇ ಸಚಿವರ ಹೊಣೆಯಾಗಿರುವುದರಿಂದ ಈ ಪತ್ರವನ್ನು ತಮಗೇ ಬರೆಯುತ್ತಿದ್ದೇನೆ.

ಇವರಿಗೆ ಸರ್ಕಾರದಿಂದ ತಲುಪುವ ಮಾತೆಂದರೆ ಹೆಚ್ಚಾಗಿ ಎಚ್ಚರಿಕೆ. ಒಟಿಪಿ ಕೊಡಬೇಡಿ, ಗೊತ್ತಿಲ್ಲದ ಲಿಂಕ್ ಒತ್ತಬೇಡಿ, ಮೋಸ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಇವೆಲ್ಲ ಬೇಕಾದ ಮಾತುಗಳೇ. ಯುವನಿಧಿ ಯೋಜನೆ ನಿರುದ್ಯೋಗಿ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ ಕೊಡುತ್ತದೆ, ನಿಪುಣ ಕರ್ನಾಟಕ ತರಬೇತಿ ಕೊಡುತ್ತದೆ. ಅವೂ ಬೇಕು. ಆದರೆ ‘ಇತ್ತ ಹೋಗಬೇಡಿ’ ಎಂಬ ಫಲಕಗಳೇ ತುಂಬಿರುವ ದಾರಿಯಲ್ಲಿ ‘ಅತ್ತ ಹೋಗಿ’ ಎಂದು ತೋರಿಸುವ ಕೈಮರ ಒಂದೂ ಕಾಣುವುದಿಲ್ಲ. ಆ ಖಾಲಿ ಜಾಗದಲ್ಲಿ ವಂಚಕರು ತಮ್ಮ ಫಲಕ ನೆಟ್ಟಿದ್ದಾರೆ.

ಅವರ ವಿಧಾನ ತಮಗೆ ತಿಳಿಯದ್ದಲ್ಲ. ಆದರೂ ಅದರ ಒಳಗುಟ್ಟನ್ನು ಇಲ್ಲಿ ಬಿಡಿಸಿ ಹೇಳಬೇಕು. ವಾಟ್ಸ್ಆ್ಯಪ್‌ನಲ್ಲಿ ಒಂದು ಸಂದೇಶ ಬರುತ್ತದೆ: ವಿಡಿಯೊಗೆ ಲೈಕ್ ಒತ್ತಿ, ಹೋಟೆಲಿಗೆ ರೇಟಿಂಗ್ ಕೊಡಿ, ದುಡ್ಡು ಪಡೆಯಿರಿ. ಒತ್ತಿದರೆ ನೂರೋ ಇನ್ನೂರೋ ರೂಪಾಯಿ ನಿಜವಾಗಿಯೂ ಖಾತೆಗೆ ಬೀಳುತ್ತದೆ. ಬಳಿಕ ಟೆಲಿಗ್ರಾಂ ಗುಂಪು. ಅಲ್ಲಿ ‘ನನಗೆ ಇಷ್ಟು ಬಂತು’ ಎಂದು ಚಿತ್ರ ಹಾಕುವವರೆಲ್ಲ ಅವರದೇ ಕಡೆಯವರು. ಆಮೇಲೆ ‘ಪ್ರೀಪೇಯ್ಡ್ ಟಾಸ್ಕ್’: ಸಾವಿರ ಕಟ್ಟಿದರೆ ಅದಕ್ಕಿಂತ ಹೆಚ್ಚು ವಾಪಸ್. ಸಣ್ಣ ಮೊತ್ತ ಒಂದೆರಡು ಸಲ ವಾಪಸ್ ಬರುತ್ತದೆ. ಮೊತ್ತ ದೊಡ್ಡದಾದಾಗ ಹಣ ಪರದೆಯ ಮೇಲೆ ಮಾತ್ರ ಉಳಿಯುತ್ತದೆ. ಬಿಡಿಸಿಕೊಳ್ಳಬೇಕಾದರೆ ‘ತೆರಿಗೆ’ ಕಟ್ಟಿ ಎನ್ನುತ್ತಾರೆ. 2023ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಇಂಥ ಹೂಡಿಕೆ ಮತ್ತು ಅರೆಕಾಲಿಕ ಕೆಲಸದ ವಂಚನೆಯ 100ಕ್ಕೂ ಹೆಚ್ಚು ಜಾಲತಾಣಗಳನ್ನು ಮುಚ್ಚಿಸಿತು. ಅವುಗಳ ಗುರಿ ನಿವೃತ್ತರು, ಮಹಿಳೆಯರು ಮತ್ತು ನಿರುದ್ಯೋಗಿ ಯುವಜನರು ಎಂದು ಆಗ ಗೃಹ ಸಚಿವಾಲಯವೇ ಹೇಳಿತ್ತು. ಮನೆಯಿಂದ ಕೆಲಸ ಕೇಳುತ್ತಿರುವವರೂ ಇವರೇ.

ಇನ್ನೊಂದು ಬಗೆ ಇದಕ್ಕಿಂತ ಕ್ರೂರ. ‘ಡೇಟಾ ಎಂಟ್ರಿ’ ಎಂದು ಹೇಳಿ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡು, ನೂರಾರು ಫಾರಂಗಳನ್ನು ರಾತ್ರಿ ಹಗಲು ಟೈಪ್ ಮಾಡಿಸುತ್ತಾರೆ. ಕೊನೆಗೆ ‘ತಪ್ಪು ಹೆಚ್ಚಾಗಿದೆ, ಒಪ್ಪಂದ ಮುರಿದಿದ್ದೀರಿ’ ಎಂದು ವಕೀಲರ ಹೆಸರಿನಲ್ಲಿ ನೋಟಿಸ್ ಕಳಿಸಿ, ಕೋರ್ಟಿನ ಹೆದರಿಕೆ ಹಾಕಿ ಹಣ ಕೀಳುತ್ತಾರೆ. ದುಡಿದವಳೇ ದಂಡ ಕಟ್ಟುತ್ತಾಳೆ. ಮನೆಯಲ್ಲಿ ಬೈಗುಳ ಕೇಳಬೇಕಾಗುತ್ತದೆಂದು ಯಾರಿಗೂ ಹೇಳುವುದಿಲ್ಲ. ಮೂರನೆಯದು ಬ್ಯಾಂಕ್ ಖಾತೆ ಬಾಡಿಗೆಗೆ ಕೊಡುವುದು. ‘ನಿಮ್ಮ ಖಾತೆಗೆ ಹಣ ಬರುತ್ತದೆ, ಕಮಿಷನ್ ಇಟ್ಟುಕೊಂಡು ಮುಂದೆ ಕಳಿಸಿ’ ಎಂಬ ಮಾತು ನಂಬಿದ ಹುಡುಗನ ಖಾತೆಗೆ ಬರುವುದು ಇನ್ನೊಬ್ಬರಿಂದ ದೋಚಿದ ಹಣ. ಪೊಲೀಸರು ಬಂದಾಗ ಮೊದಲು ಸಿಗುವ ಹೆಸರು ಅವನದೇ.

ಓದಿದವರೂ ಹೀಗೆ ಮೋಸ ಹೋಗುವುದೇಕೆ? ದುರಾಸೆ ಎಂದು ಹೇಳಿಬಿಡುವುದು ಸುಲಭ. ನಾನು ಕಂಡ ಕಾರಣ ಬೇರೆ. ಅಂತರ್ಜಾಲದ ನಿಜವಾದ ಕೆಲಸವೂ ಹೊರಗಿನಿಂದ ನೋಡಿದರೆ ಅಷ್ಟೇ ವಿಚಿತ್ರವಾಗಿದೆ. ಬೆಂಗಳೂರಿನ ‘ಕಾರ್ಯ’ ಎಂಬ ಲಾಭರಹಿತ ಸಂಸ್ಥೆ ನಮ್ಮ ಹಳ್ಳಿಗರಿಂದ ಫೋನಿನಲ್ಲಿ ಕನ್ನಡದ ವಾಕ್ಯ ಓದಿಸಿ, ಧ್ವನಿ ಮುದ್ರಿಸಿಕೊಂಡು ಗಂಟೆಗೆ ಸುಮಾರು 5 ಡಾಲರ್, ಅಂದರೆ 400 ರೂಪಾಯಿಯಷ್ಟು ಕೊಟ್ಟಿದೆ. ಭಾರತೀಯ ವಿಜ್ಞಾನ ಸಂಸ್ಥೆ, ಆರ್ಟ್‌ಪಾರ್ಕ್ ಮತ್ತು ಗೂಗಲ್ ಸೇರಿ ನಡೆಸುವ ‘ವಾಣಿ’ ಯೋಜನೆಯಲ್ಲಿ ಜಿಲ್ಲೆ ಜಿಲ್ಲೆಯ ಜನರಿಗೆ ಚಿತ್ರ ತೋರಿಸಿ, ಕಂಡದ್ದನ್ನು ಅವರವರ ಮಾತಿನಲ್ಲೇ ಹೇಳಿಸಿ ಸಂಗ್ರಹಿಸುತ್ತಾರೆ. ಸಿಂಧನೂರಿನ ಗೃಹಿಣಿಗೆ ‘ವಾಕ್ಯ ಓದಿ, ದುಡ್ಡು ಪಡೆಯಿರಿ’ ಎಂಬುದಕ್ಕೂ ‘ಲೈಕ್ ಒತ್ತಿ, ದುಡ್ಡು ಪಡೆಯಿರಿ’ ಎಂಬುದಕ್ಕೂ ವ್ಯತ್ಯಾಸ ತಿಳಿಯುವುದಾದರೂ ಹೇಗೆ? ನಿಜವಾದ ಕೆಲಸ ಅವಳನ್ನು ಹುಡುಕಿಕೊಂಡು ಬರುವುದಿಲ್ಲ, ಮೋಸ ದಿನವೂ ಬರುತ್ತದೆ.

ವ್ಯತ್ಯಾಸ ತಿಳಿಯಲು ಕೇಳಬೇಕಾದ ಪ್ರಶ್ನೆಗಳು ಮೂರೇ. ನಾನು ಮಾಡಿದ ಕೆಲಸದಿಂದ ಯಾರಿಗೆ ಏನು ಉಪಯೋಗ? ನನಗೆ ಕೊಡುವ ಹಣ ಯಾರ ಜೇಬಿನಿಂದ ಬರುತ್ತದೆ? ಕೆಲಸ ಸಿಗಲು ಅಥವಾ ಗಳಿಸಿದ್ದು ಕೈಗೆ ಬರಲು ನಾನೇ ಹಣ ಕಟ್ಟಬೇಕೆ? ವಾಕ್ಯ ಓದಿದರೆ ಕನ್ನಡ ಅರ್ಥಮಾಡಿಕೊಳ್ಳುವ ಯಂತ್ರ ತಯಾರಾಗುತ್ತದೆ, ಅದನ್ನು ಬೇಕೆಂದವರು ಹಣ ಕೊಡುತ್ತಾರೆ. ಲೈಕ್ ಒತ್ತಲು ದಿನಕ್ಕೆ ಸಾವಿರ ಕೊಡುವವನಿಗೆ ನಮ್ಮ ಬೆರಳಿನಿಂದ ಆಗಬೇಕಾದದ್ದು ಏನೂ ಇಲ್ಲ. ಅವನ ಕಣ್ಣು ನಮ್ಮ ಖಾತೆಯ ಮೇಲೆ.

ನಿಜವಾದ ಕೆಲಸಗಳ ಬಗ್ಗೆಯೂ ಪ್ರಾಮಾಣಿಕವಾಗಿ ಮಾತಾಡಬೇಕು. ಅನುವಾದ, ಸಬ್‌ಟೈಟಲ್, ಧ್ವನಿಯನ್ನು ಬರಹಕ್ಕಿಳಿಸುವುದು, ಕರಡು ತಿದ್ದುವುದು, ಆನ್‌ಲೈನ್ ಪಾಠ, ಸಣ್ಣ ವ್ಯಾಪಾರಿಗಳ ಲೆಕ್ಕ, ವಿನ್ಯಾಸ, ವಿಡಿಯೊ ಸಂಕಲನ, ಮನೆಯಲ್ಲಿ ಮಾಡಿದ ವಸ್ತುಗಳ ಮಾರಾಟ ಎಲ್ಲವೂ ಇವೆ. ಯಾವುದೂ ಮೊದಲ ವಾರವೇ ಸಂಬಳ ಕೊಡುವುದಿಲ್ಲ. ಧ್ವನಿ ಮುದ್ರಣದ ಕೆಲಸ ಯೋಜನೆ ಮುಗಿದೊಡನೆ ನಿಲ್ಲುತ್ತದೆ. ಯೂಟ್ಯೂಬ್‌ನಲ್ಲಿ ಜಾಹೀರಾತಿನ ಪಾಲು ಸಿಗಬೇಕಾದರೆ ಸಾಮಾನ್ಯ ವಿಡಿಯೊಗಳಿಗೆ 1,000 ಚಂದಾದಾರರು, ವರ್ಷದಲ್ಲಿ 4,000 ಗಂಟೆ ವೀಕ್ಷಣೆ ಆಗಿರಬೇಕು. ಗಳಿಕೆ 100 ಡಾಲರ್ ಮುಟ್ಟುವ ತನಕ ಹಣ ಖಾತೆಗೆ ಬರುವುದಿಲ್ಲ. ಸ್ವಂತ ವಸ್ತು ಮಾರುವವರಿಗೆ ಒಂದು ಅನುಕೂಲವಿದೆ: 2023ರ ಅಕ್ಟೋಬರ್‌ನಿಂದ ಸಣ್ಣ ವ್ಯಾಪಾರಿಗಳು ಪೂರ್ಣ ಜಿಎಸ್‌ಟಿ ನೋಂದಣಿಯಿಲ್ಲದೆಯೂ ಆನ್‌ಲೈನ್ ಮಾರುಕಟ್ಟೆಗಳ ಮೂಲಕ ರಾಜ್ಯದೊಳಗೆ ಸರಕು ಮಾರಬಹುದು; ಒಂದು ಎನ್‌ರೋಲ್‌ಮೆಂಟ್ ಸಂಖ್ಯೆ ಸಾಕು. ಹಪ್ಪಳ, ಸಂಡಿಗೆ, ಕೌದಿ ಮಾಡುವ ನಮ್ಮ ಸಂಘಗಳಿಗೆ ಇದನ್ನು ಯಾರು ಹೇಳಬೇಕು?

ದಾರಿ ಇದೆ ಎಂಬುದಕ್ಕೆ ತಮ್ಮ ಕಲಬುರಗಿ ಜಿಲ್ಲೆಯೇ ಸಾಕ್ಷಿ. ಸ್ವಸಹಾಯ ಸಂಘಗಳ ಹೆಣ್ಣುಮಕ್ಕಳು ಬಡಿಯುವ ಜೋಳದ ರೊಟ್ಟಿ ‘ಕಲಬುರಗಿ ರೊಟ್ಟಿ’ ಎಂಬ ಹೆಸರಿನಲ್ಲಿ ಆನ್‌ಲೈನ್ ಗಿರಾಕಿಗಳನ್ನೂ ತಲುಪಿದೆ. ಕೈಚಳಕ ಅವರಲ್ಲಿ ಮೊದಲೂ ಇತ್ತು. ಆಡಳಿತ ನಡುವೆ ನಿಂತು ಹೆಸರು, ನಂಬಿಕೆ, ಮಾರುಕಟ್ಟೆ ಒದಗಿಸಿದ್ದರಿಂದ ಅದು ಸಂಪಾದನೆಯಾಯಿತು. ರೊಟ್ಟಿಗೆ ಮಾಡಿದ್ದನ್ನು ಓದು ಬರಹದ ಕೆಲಸಕ್ಕೂ ಮಾಡಿ ಎಂಬುದೇ ನನ್ನ ಕೋರಿಕೆ. ಅದರಲ್ಲಿ ನಾಲ್ಕು ಅಂಶಗಳಿವೆ.

ಒಂದು, ಪಟ್ಟಿ. ಮನೆಯಿಂದ ಮಾಡಬಹುದಾದ, ಪರಿಶೀಲಿಸಿದ ಆನ್‌ಲೈನ್ ಕೆಲಸಗಳ ಪಟ್ಟಿಯನ್ನು ಕನ್ನಡದಲ್ಲಿ ಪ್ರಕಟಿಸಿ, ತಿಂಗಳಿಗೊಮ್ಮೆ ತಿದ್ದಿ. ಕೆಲಸ ಕೊಡುವವರ ನೋಂದಾಯಿತ ಹೆಸರು, ವಿಳಾಸ, ಕೂಲಿಯ ದರ, ಹಣ ಬರುವ ದಿನ, ಬೇಕಾದ ಕೌಶಲ ಇಷ್ಟು ಅದರಲ್ಲಿರಲಿ. ಕೆಲಸಗಾರರಿಂದ ಠೇವಣಿ ಕೇಳುವ ಯಾರಿಗೂ ಅಲ್ಲಿ ಜಾಗ ಬೇಡ. ಖಾಸಗಿಯವರಿಗೆ ಸರ್ಕಾರ ಹೇಗೆ ಜಾಮೀನು ನಿಲ್ಲುವುದು ಎಂದು ಅಧಿಕಾರಿಗಳು ಕೇಳಬಹುದು. ಜಾಮೀನು ಬೇಡ, ಉದ್ಯೋಗ ಮೇಳಕ್ಕೆ ಕಂಪನಿಗಳನ್ನು ಕರೆಯುವಾಗ ಮಾಡುವ ಪರಿಶೀಲನೆಯನ್ನೇ ಇಲ್ಲಿಯೂ ಮಾಡಿ, ದೂರು ಬಂದವರನ್ನು ತೆಗೆದುಹಾಕಿದರೆ ಸಾಕು.

ಎರಡು, ಜಾಗ. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ತಮ್ಮ ಇಲಾಖೆಗೆ ಬಂದವು, ಮುಂದೆ ಅರಿವು ಕೇಂದ್ರಗಳಾದವು. ಅಲ್ಲಿ ವಾರದಲ್ಲಿ ಒಂದು ದಿನ ಈ ಕೆಲಸಕ್ಕೆಂದೇ ಇರಲಿ. ಖಾತೆ ತೆರೆಯುವುದು, ಕರಾರು ಓದುವುದು, ಮೊದಲ ಅರ್ಜಿ ಹಾಕುವುದು ಹೇಗೆಂದು ಕೂತು ಹೇಳಿಕೊಡುವವರು ಸಿಗಲಿ. ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟದ ಓದಿದ ಸದಸ್ಯೆಯರೇ ಅದಕ್ಕೆ ತಯಾರಾಗಬಹುದು. ಬಂದ ಸಂದೇಶ ನಿಜವೋ ಸುಳ್ಳೋ ಎಂದು ಹಣ ಕಟ್ಟುವ ಮೊದಲು ತೋರಿಸಿ ಕೇಳಲು ಊರಲ್ಲೇ ಒಬ್ಬರಿದ್ದರೆ ಸೈಬರ್ ಅಪರಾಧ ನೋಡುವ ಸೆನ್ ಪೊಲೀಸ್ ಠಾಣೆಗೆ ಹೋಗುವ ದೂರುಗಳೇ ಕಡಿಮೆಯಾಗುತ್ತವೆ. ಮಗುವಿದ್ದವರಿಗೆ ಪಂಚಾಯಿತಿಯ ಶಿಶುಪಾಲನಾ ಕೇಂದ್ರ ‘ಕೂಸಿನ ಮನೆ’ಯಿದೆ. ಎರಡನ್ನೂ ಜೋಡಿಸಲು ಹೊಸ ಇಲಾಖೆಯೇನೂ ಬೇಕಿಲ್ಲ.

ಮೂರು, ಸರ್ಕಾರವೇ ಮೊದಲ ಗಿರಾಕಿಯಾಗಲಿ. ಇಲಾಖೆಗಳ ವಿಡಿಯೊಗಳಿಗೆ ಸಬ್‌ಟೈಟಲ್ ಬೇಕು. ಸ್ಕ್ಯಾನ್ ಮಾಡಿದ ಹಳೆಯ ಕನ್ನಡ ಪುಸ್ತಕಗಳ ಅಕ್ಷರ ತಿದ್ದಬೇಕು. ದೃಷ್ಟಿಹೀನ ವಿದ್ಯಾರ್ಥಿಗಳಿಗೆ ಪಠ್ಯವನ್ನು ಓದಿ ಮುದ್ರಿಸಬೇಕು. ಗ್ರಾಮ ಸಭೆಯ ನಡಾವಳಿಗಳನ್ನು ಹುಡುಕಲು ಬರುವಂತೆ ಟೈಪ್ ಮಾಡಬೇಕು. ಖಾಸಗಿ ವಿವರಗಳಿಲ್ಲದ, ಸಾರ್ವಜನಿಕರ ಮುಂದಿಡಬಹುದಾದ ಇಂಥ ಕೆಲಸವನ್ನು ಸಣ್ಣ ಸಣ್ಣ ಭಾಗ ಮಾಡಿ ಮನೆಗಳಿಗೆ ಕೊಡಬಹುದು. ಕುಂದಾಪುರದ ಮಾತನ್ನು, ಕಲಬುರಗಿಯ ಮಾತನ್ನು ತಪ್ಪಿಲ್ಲದೆ ಬರಹಕ್ಕಿಳಿಸುವುದು ಆಯಾ ಸೀಮೆಯವರಿಗೇ ಚೆನ್ನಾಗಿ ಗೊತ್ತು. ಇಂಗ್ಲಿಷ್ ಬಾರದ್ದು ಕೊರತೆ ಎಂದು ನಂಬಿ ಕೂತವರಿಗೆ ತಮ್ಮ ಕನ್ನಡವೇ ಬೆಲೆಯುಳ್ಳ ಕೌಶಲ ಎಂದು ಮೊದಲು ತೋರಿಸಿಕೊಡಬೇಕಾದದ್ದು ಕನ್ನಡದ ಸರ್ಕಾರ. ಒಂದು ಸರ್ಕಾರಿ ಕೆಲಸ ಮಾಡಿ ಮುಗಿಸಿದ ದಾಖಲೆ ಕೈಯಲ್ಲಿದ್ದರೆ ಹೊರಗಿನ ಗಿರಾಕಿ ಹುಡುಕುವುದೂ ಹಗುರ.

ನಾಲ್ಕು, ರಕ್ಷಣೆ. 2025ರಲ್ಲಿ ಕರ್ನಾಟಕ, ಆ್ಯಪ್‌ಗಳ ಮೂಲಕ ದುಡಿಯುವ ಗಿಗ್ ಕಾರ್ಮಿಕರ ಕಾಯ್ದೆ ತಂದದ್ದು ಹೆಮ್ಮೆಯ ವಿಷಯ. ನೋಂದಣಿ, ಕಲ್ಯಾಣ ನಿಧಿ, ಕೆಲಸದಿಂದ ತೆಗೆಯುವ ಮೊದಲು ಲಿಖಿತ ಕಾರಣ, ದೂರು ಕೇಳುವ ವ್ಯವಸ್ಥೆ ಎಲ್ಲವೂ ಅದರಲ್ಲಿವೆ. ಆ ಕಾಯ್ದೆ ಎಂದರೆ ಜನರ ಕಣ್ಣಮುಂದೆ ಬರುವುದು ಬೈಕಿನ ಮೇಲೆ ಊಟ ತಲುಪಿಸುವ ಹುಡುಗ. ಅದರ ಅನುಸೂಚಿಯಲ್ಲಿ ವೃತ್ತಿಪರ ಸೇವೆಗಳೂ, ಕಂಟೆಂಟ್ ಮತ್ತು ಮಾಧ್ಯಮ ಸೇವೆಗಳೂ ಇವೆ. ಹಾಗಿದ್ದ ಮೇಲೆ ಅಡುಗೆಮನೆಯ ಪಕ್ಕ ಕೂತು ಪ್ಲಾಟ್‌ಫಾರ್ಮ್‌ಗೆ ಸಬ್‌ಟೈಟಲ್ ಬರೆಯುವವಳನ್ನೂ ಹುಡುಕಿ ನೋಂದಾಯಿಸಬೇಕು. ಅವಳು ಬೀದಿಯಲ್ಲಿ ಕಾಣಿಸುವುದಿಲ್ಲ, ಸಂಘ ಕಟ್ಟಿಲ್ಲ, ಮುಷ್ಕರ ಹೂಡುವುದಿಲ್ಲ. ಅವಳ ಪರವಾಗಿ ಕಾರ್ಮಿಕ ಸಚಿವರ ಜೊತೆ ತಾವು ಮಾತಾಡಬೇಕು.

ಬೆಂಗಳೂರಿನಾಚೆಗೂ ಉದ್ಯಮ ಬೆಳೆಯಲಿ ಎಂದು ‘ಬಿಯಾಂಡ್ ಬೆಂಗಳೂರು’ ನಡೆಸುತ್ತಿದ್ದೀರಿ. ಕಂಪನಿಯ ಕಟ್ಟಡ ಚಿಕ್ಕ ಊರಿಗೆ ಬರಲು ವರ್ಷಗಳು ಬೇಕು. ಕೆಲಸ ಈ ಸಂಜೆಯೇ ಬರಬಹುದು. ಐದು ಸಾವಿರ ರೂಪಾಯಿ ತಿಂಗಳಿಗೆ ಬಂದರೆ ನಗರದ ಕಣ್ಣಿಗೆ ಅದು ಅಲ್ಪ. ಗಂಡನ ಎದುರು ಕೈಚಾಚದೆ ಮಗಳ ಕಾಲೇಜು ಶುಲ್ಕ ಕಟ್ಟುವವಳಿಗೆ ಅದು ಮನೆಯೊಳಗೆ ಮಾತಿನ ಹಕ್ಕು.

ಇಡೀ ರಾಜ್ಯಕ್ಕೆ ಒಮ್ಮೆಲೇ ಬೇಡ. ತಮ್ಮದೇ ಚಿತ್ತಾಪುರ ತಾಲ್ಲೂಕಿನ ಅರಿವು ಕೇಂದ್ರಗಳಿಂದ ಆರಂಭಿಸಿ. ಆರು ತಿಂಗಳ ನಂತರ ಎಷ್ಟು ಜನರಿಗೆ ತರಬೇತಿಯಾಯಿತು ಎಂಬ ಲೆಕ್ಕ ಬೇಡ. ಎಷ್ಟು ಜನರ ಖಾತೆಗೆ ದುಡಿದ ಹಣ ಬಂತು, ಎಷ್ಟು ಬಂತು, ಯಾರಿಂದ ಬಂತು ಎಂಬ ಲೆಕ್ಕವನ್ನು ಪಂಚಾಯಿತಿಯ ಫಲಕದ ಮೇಲೆ ಹಾಕಿಸಿ. ಆ ಸಂಖ್ಯೆ ಚಿಕ್ಕದಿದ್ದರೂ ಚಿಂತೆಯಿಲ್ಲ, ನಿಜವಾಗಿದ್ದರೆ ಉಳಿದ ತಾಲ್ಲೂಕುಗಳು ತಾವಾಗಿ ಕೇಳುತ್ತವೆ. ಅನುವಾದ, ಸಬ್‌ಟೈಟಲ್ ಕಲಿಸಲು ಕರೆದರೆ ಬರಲು ನಾನು ಸಿದ್ಧಳಿದ್ದೇನೆ. ನನ್ನಂತೆ ಮನೆಯಿಂದ ದುಡಿಯುವ ಇನ್ನೂ ಹಲವರು ಬರುತ್ತಾರೆ. ಆದೇಶ ತಮ್ಮಿಂದ ಹೊರಡಬೇಕು.

ಇಂತಿ ವಿಶ್ವಾಸದಿಂದ,
ಮನೆಯಿಂದ ದುಡಿಯುವ ಒಬ್ಬ ಅನುವಾದಕಿ
ಶಿರಸಿ, ಉತ್ತರ ಕನ್ನಡ