ಪದವಿಯ ಗಳಿಕೆಯೂ ಸಾಲದ ಭಾರವೂ

ಹೆಣ್ಣುಮಕ್ಕಳು ಹೈಸ್ಕೂಲನ್ನು ಮುಗಿಸಿದ ಬಳಿಕ ಯಾವ ವಿದ್ಯೆಯನ್ನು ಕಲಿಯತಕ್ಕದ್ದೆಂಬ ಪ್ರಶ್ನೆಯೊಡನೆ, ಆ ವಿದ್ಯೆಗೆ ಹಣವನ್ನು ಎಲ್ಲಿಂದ ತರುವದೆಂಬ ಪ್ರಶ್ನೆಯೂ ಅನೇಕ ಮನೆಗಳಲ್ಲಿ ಏಳುತ್ತಿರುವದು. ವ್ಯಾಪಾರ ಅರ್ಥಶಾಸ್ತ್ರವೆಂಬ ಪದವಿಯು ಹಲವರ ಮನಸ್ಸನ್ನು ಸೆಳೆದಿದೆ. ಬೆಲೆ, ಬೇಡಿಕೆ, ಬಂಡವಾಳ, ಲೆಕ್ಕಪತ್ರ, ಸಂಖ್ಯಾಶಾಸ್ತ್ರಗಳನ್ನು ಒಟ್ಟಾಗಿ ಕಲಿಸುವ ಈ ವಿದ್ಯೆಯು ಒಳ್ಳೆಯದೆಂಬದರಲ್ಲಿ ನಮಗೆ ಸಂಶಯವಿಲ್ಲ. ಆದರೆ ಅದನ್ನು ಸಾಲದಿಂದ ಸಂಪಾದಿಸಹೊರಟವರು, ಅದೇ ವಿದ್ಯೆಯ ಮೊದಲನೆಯ ಪಾಠವನ್ನು, ಎಂದರೆ ವ್ಯಯವನ್ನು ಆದಾಯದೊಡನೆ ತೂಗಿ ನೋಡುವದನ್ನು, ಮರೆಯಬಾರದೆಂಬುದೇ ನಮ್ಮ ಅಭಿಪ್ರಾಯ.

ಒಂದು ಲೆಕ್ಕವನ್ನು ಹಾಕಿ ನೋಡೋಣ. ಮೂರು ವರ್ಷದ ಪದವಿಗೆ ವರ್ಷಕ್ಕೆ ೨.೫ ಲಕ್ಷದಂತೆ ಒಟ್ಟು ೭.೫ ಲಕ್ಷ ರೂಪಾಯಿಗಳನ್ನು ಶೇಕಡಾ ೧೦ರ ಬಡ್ಡಿಗೆ ತೆಗೆದುಕೊಂಡರೆಂದು ಭಾವಿಸಿರಿ. ಓದಿನ ಕಾಲದಲ್ಲಿಯೂ ಅನಂತರದ ಒಂದು ವರ್ಷದಲ್ಲಿಯೂ ಕಂತು ಕಟ್ಟಬೇಕಿಲ್ಲವಾದರೂ ಬಡ್ಡಿಯು ಸುಮ್ಮನಿರುವದಿಲ್ಲ. ಸರಳ ಬಡ್ಡಿಯಿಂದಲೇ ೨.೨೫ ಲಕ್ಷ ಸೇರಿ, ಸಾಲವು ೯.೭೫ ಲಕ್ಷವಾಗುವದು. ಅದನ್ನು ೧೦ ವರ್ಷಗಳಲ್ಲಿ ತೀರಿಸುವದಾದರೆ ತಿಂಗಳಿಗೆ ಸುಮಾರು ೧೨,೯೦೦ ರೂಪಾಯಿ. ಒಟ್ಟು ಕಟ್ಟತಕ್ಕದ್ದು ಸುಮಾರು ೧೫.೪೬ ಲಕ್ಷ. ಕಂತು ಹಗುರಾಗಲೆಂದು ೧೫ ವರ್ಷಗಳಿಗೆ ಬೆಳೆಸಿದರೆ ತಿಂಗಳಿಗೆ ಸುಮಾರು ೧೦,೫೦೦. ಆದರೆ ಒಟ್ಟು ಮೊತ್ತವು ಸುಮಾರು ೧೮.೮೬ ಲಕ್ಷಕ್ಕೇರುವದು. ಓದುತ್ತಿರುವಾಗಲೇ ಬಡ್ಡಿಯನ್ನು ಆಗಿಂದಾಗ್ಗೆ ಕಟ್ಟಿದವರಿಗೆ, ೧೦ ವರ್ಷದ ಲೆಕ್ಕದಲ್ಲಿ, ಸುಮಾರು ೧.೩ ಲಕ್ಷ ರೂಪಾಯಿ ಉಳಿಯುವದು.

ಈಗ ತಕ್ಕಡಿಯ ಇನ್ನೊಂದು ತಟ್ಟೆ. ಮಗಳಿಗೆ ಮೊದಲ ಸಂಬಳವು ತಿಂಗಳಿಗೆ ೨೫,೦೦೦ ದೊರೆತರೆ, ೧೨,೯೦೦ರ ಕಂತು ಅದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ನುಂಗುವದು. ಪರವೂರಿನಲ್ಲಿ ಬಾಡಿಗೆಗೂ ಊಟಕ್ಕೂ ಉಳಿದದ್ದು ಸಾಲದು. ಕಂತು ಸಂಬಳದ ಕಾಲುಭಾಗವನ್ನು ಮೀರಬಾರದೆಂಬುದು ನಮ್ಮ ಮತ. ಈ ಅಳತೆಯಂತೆ ೨೫,೦೦೦ದ ಸಂಬಳವು ಹೊರಬಲ್ಲ ಸಾಲವು ಸುಮಾರು ೩.೫ ಲಕ್ಷ ಮಾತ್ರ. ಅದರ ಕಂತು ೬,೦೦೦ದಷ್ಟಾಗುವದು.

ಸಂಬಳವೆಷ್ಟೆಂಬುದನ್ನು ತಿಳಿಯುವದು ಹೇಗೆ? ಕಾಲೇಜಿನ ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಮೆರೆಯುವ ಅತ್ಯಧಿಕ ಸಂಬಳವು ಒಬ್ಬ ವಿದ್ಯಾರ್ಥಿಯದು. ೨೦೧೬ರಲ್ಲಿ ಮೊದಲ ಪಟ್ಟಿ ಪ್ರಕಟವಾದ ರಾಷ್ಟ್ರೀಯ ಶ್ರೇಯಾಂಕ ವ್ಯವಸ್ಥೆಗೆ ಸೇರಿದ ಸಂಸ್ಥೆಗಳು, ಎಷ್ಟು ಮಂದಿ ತೇರ್ಗಡೆಯಾದರು, ಎಷ್ಟು ಮಂದಿಗೆ ಕೆಲಸ ದೊರೆಯಿತು, ಅವರ ಮಧ್ಯಾಂಕ ಸಂಬಳವೆಷ್ಟು ಎಂಬುದನ್ನು ಒಪ್ಪಿಸಬೇಕು. ಹೆತ್ತವರು ಕೇಳತಕ್ಕದ್ದು ಈ ಮೂರನ್ನೇ. ಮಧ್ಯಾಂಕವೆಂದರೆ ಸಾಲಾಗಿ ನಿಂತವರ ನಡುವಿನವಳ ಸಂಬಳ. ಅದು ಕೆಲಸ ಸಿಕ್ಕವರದು ಮಾತ್ರ. ಸಿಗದವರು ಆ ಸಾಲಿನಲ್ಲಿ ನಿಂತೇ ಇರುವದಿಲ್ಲ.

ಸಹಾಯಗಳೂ ಇಲ್ಲದಿಲ್ಲ. ೨೦೨೪ರ ನವೆಂಬರಿನಲ್ಲಿ ಕೇಂದ್ರ ಸರಕಾರವು ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯು, ಆಯ್ದ ಸಂಸ್ಥೆಗಳಲ್ಲಿ ಪ್ರವೇಶ ಪಡೆದವರಿಗೆ ಅಡಮಾನವಿಲ್ಲದೆ ಸಾಲವನ್ನು ಒದಗಿಸುವದು. ವಾರ್ಷಿಕ ಆದಾಯ ೮ ಲಕ್ಷದವರೆಗಿನ ಕುಟುಂಬಗಳಲ್ಲಿ ಅರ್ಹರಾದವರಿಗೆ ೧೦ ಲಕ್ಷದವರೆಗಿನ ಸಾಲಕ್ಕೆ, ಕಂತು ಆರಂಭವಾಗುವ ಮುನ್ನಿನ ಕಾಲದಲ್ಲಿ, ಬಡ್ಡಿಯಲ್ಲಿ ಶೇಕಡಾ ೩ರ ರಿಯಾಯಿತಿಯೂ ಉಂಟು. ಹಲವು ಬ್ಯಾಂಕುಗಳು ವಿದ್ಯಾರ್ಥಿನಿಯರಿಗೆ ಅರ್ಧ ಶೇಕಡಾ ಕಡಿಮೆ ಬಡ್ಡಿ ಹಾಕುತ್ತವೆ. ಆದರೆ ರಿಯಾಯಿತಿಯು ಸಾಲವನ್ನು ಹಗುರಗೊಳಿಸುವದಲ್ಲದೆ ಇಲ್ಲದ ಸಂಬಳವನ್ನು ತಂದುಕೊಡುವದಿಲ್ಲ.

ಇದನ್ನೋದಿ, "ಹಾಗಾದರೆ ಹುಡುಗಿಗೆ ಕಾಲೇಜೇ ಬೇಡ" ಎಂದು ಯಾರಾದರೂ ತೀರ್ಮಾನಿಸಿದರೆ ಅವರು ನಮ್ಮ ಮಾತನ್ನು ತಲೆಕೆಳಗು ಮಾಡಿದಂತೆ. ಮಗಳ ಮದುವೆಗೆ ಚಪ್ಪರ, ಚಿನ್ನ, ಔತಣಗಳಿಗಾಗಿ ಹೊಲವನ್ನು ಅಡವಿಡುವ ಮನೆಯಲ್ಲಿ ಅದು ಎಂದು ಮರಳಿ ಬರುವದೆಂದು ಯಾರೂ ಕೇಳುವದಿಲ್ಲ. ಪುಸ್ತಕಕ್ಕೆ ಮಾತ್ರ ಸಾವಿರ ಪ್ರಶ್ನೆ! ವಿದ್ಯೆಯ ಸಾಲಕ್ಕೆ ಹಾಕಿದ ತಕ್ಕಡಿಯನ್ನು ಮದುವೆಯ ಸಾಲಕ್ಕೂ ಹಾಕಿರೆಂದು ನಾವು ಬೇಡುತ್ತೇವೆ. ದುಬಾರಿ ಕಾಲೇಜು ತಕ್ಕಡಿಯಲ್ಲಿ ಸೋತರೆ, ಕಡಿಮೆ ಫೀಜಿನ ಸರಕಾರಿ ಕಾಲೇಜಿನಲ್ಲಿ ಅರ್ಥಶಾಸ್ತ್ರವನ್ನೋ ವಾಣಿಜ್ಯವನ್ನೋ ಕಲಿಯಲಿ, ಮನೆಯಲ್ಲಿ ಕೂರಬೇಕಿಲ್ಲ. ಇನ್ನೊಂದು ಮಾತು: ಮದುವೆಯ ಬಳಿಕ ಉದ್ಯೋಗ ಬಿಟ್ಟರೂ ಕಂತು ಬಿಡುವದಿಲ್ಲ, ಮತ್ತು ಸಾಲಪತ್ರದಲ್ಲಿ ಹೆತ್ತವರ ಸಹಿಯೂ ಇರುತ್ತದೆ. ಆದುದರಿಂದ ನೆಂಟಸ್ತನದ ಮಾತಿನ ದಿನವೇ ಸಾಲದ ಮಾತೂ, ಉದ್ಯೋಗದ ಮಾತೂ ಬಿಚ್ಚುಮನಸ್ಸಿನಿಂದ ನಡೆಯತಕ್ಕದ್ದು.

ಹಳೆಯ ವಿದ್ಯಾರ್ಥಿನಿಯರಲ್ಲಿ ನಮ್ಮದೊಂದು ವಿನಂತಿ. ನಿಮ್ಮಲ್ಲಿ ಸಾಲ ಮಾಡಿ ಓದಿದವರು, ಈಗ ಕಂತು ಕಟ್ಟುತ್ತಿರುವವರು, ನಿಮ್ಮ ಮೊದಲ ಸಂಬಳವನ್ನೂ ಕಂತಿನ ಮೊತ್ತವನ್ನೂ ಶಾಲೆಯ ಕಿರಿಯರಿಗೆ ಸಂಕೋಚವಿಲ್ಲದೆ ತಿಳಿಸಿರಿ. ಯಾವ ಜಾಹೀರಾತೂ ಹೇಳದ ಸತ್ಯವನ್ನು ಅಕ್ಕಂದಿರು ಹೇಳಿದರೆ ತಂಗಿಯರು ಕಣ್ತೆರೆದು ಆರಿಸಿಕೊಂಡಾರು.