ಸಾಕ್ಷಿಗೂ ಪಾಟೀಸವಾಲು

ಇಂಗ್ಲಿಷಿನ ‘ಡಾಕ್ಯುಮೆಂಟರಿ’ ಎಂಬ ಮಾತಿಗೆ ಕನ್ನಡದಲ್ಲಿ ‘ಸಾಕ್ಷ್ಯಚಿತ್ರ’ ಎಂಬ ಹೆಸರು ನೆಲೆನಿಂತಿದೆ. ಹಾಗೆ ಹೆಸರಿಟ್ಟವರು ತಿಳಿದೋ ತಿಳಿಯದೆಯೋ ಮೂಲಕ್ಕಿಂತ ಭಾರವಾದ ಹೊಣೆಯನ್ನು ಆ ಕಲೆಯ ಹೆಗಲಿಗೆ ಹೊರಿಸಿದ್ದಾರೆ. ಮೂಲದ ಮಾತು ಬರಿಯ ದಸ್ತಾವೇಜನ್ನು ನೆನಪಿಗೆ ತರುತ್ತದೆ. ದಸ್ತಾವೇಜು ಪೆಟ್ಟಿಗೆಯಲ್ಲಿ ಬಿದ್ದಿದ್ದರೂ ದಸ್ತಾವೇಜೇ. ಸಾಕ್ಷಿಯಾದರೋ ಕಟ್ಟೆಯನ್ನೇರಿ ಪ್ರಮಾಣಮಾಡಿ ನುಡಿಯಬೇಕು. ಪಾಟೀಸವಾಲಿಗೆ ಉತ್ತರ ಕೊಡಬೇಕು. ಕಂಡುದನ್ನು ಕಂಡಂತೆ ಹೇಳಿದನೆ, ಕಂಡುದರಲ್ಲಿ ಅರ್ಧವನ್ನು ನುಂಗಿದನೆ, ಕಾಣದುದನ್ನು ಕಂಡೆನೆಂದನೆ ಎಂದು ಕೇಳದೆ ಸಾಕ್ಷ್ಯವನ್ನು ಒಪ್ಪಿಕೊಳ್ಳುವ ನ್ಯಾಯಾಧೀಶನನ್ನು ಯಾರೂ ಮೆಚ್ಚರು. ಕನ್ನಡದ ಪ್ರೇಕ್ಷಕನು ಮಾತ್ರ ಈಚೆಗೆ ಹಾಗೆಯೇ ಒಪ್ಪಿಕೊಳ್ಳುತ್ತಿದ್ದಾನೆ. ಚಿತ್ರ ಚೆನ್ನಾಗಿ ಮೂಡಿತೇ? ಹಾಗಾದರೆ ಅದು ಸತ್ಯವೂ ಹೌದು! ಇದು ಅವನ ತರ್ಕ.

ಕನ್ನಡನಾಡಿನ ಕಾಡನ್ನು ಕುರಿತ ಚಿತ್ರಗಳ ವಿಷಯದಲ್ಲಿ ಈ ಭೋಳೇತನವು ಮೇರೆ ಮೀರಿದೆ. ‘ವೈಲ್ಡ್ ಕರ್ನಾಟಕ’ವು 2020ರ ಜನವರಿಯಲ್ಲಿ ಚಿತ್ರಮಂದಿರಗಳಿಗೆ ಬಂದಾಗ ಅದನ್ನು ಹೊಗಳದವರಿಲ್ಲ. ಹೊಗಳತಕ್ಕ ಚಿತ್ರವೇ ಅಹುದು. ಅಮೋಘವರ್ಷ ಮತ್ತು ಕಲ್ಯಾಣ್ ವರ್ಮಾ ಅವರು ವರ್ಷಗಟ್ಟಲೆ ಕಾಡಿನಲ್ಲಿ ಕಾದು, ಹುಲಿಯನ್ನೂ ಆನೆಯನ್ನೂ ಮಾತ್ರವಲ್ಲದೆ ನೀರುನಾಯಿ, ಮಂಗಟ್ಟೆ, ಕಾಳಿಂಗಸರ್ಪಗಳನ್ನೂ ಕಣ್ಣಿಗೆ ಕಟ್ಟುವಂತೆ ತೋರಿಸಿದ್ದಾರೆ. ಅವರ ತಾಳ್ಮೆಯಲ್ಲಿ ಕೊರತೆಯಿದೆಯೆಂದು ಹಗೆಯೂ ಹೇಳಲಾರನು. ಡೇವಿಡ್ ಅಟೆನ್‌ಬರೋ ಅವರ ಕಂಠಕ್ಕೆ ರಾಷ್ಟ್ರಪ್ರಶಸ್ತಿಯೂ ಬಂದಿತು. ಇಷ್ಟೆಲ್ಲ ಸರಿ. ಆದರೆ ಕರ್ನಾಟಕದ ಹೆಸರನ್ನೇ ಹೊತ್ತ ಈ ಚಿತ್ರವು ಕರ್ನಾಟಕದವರಿಗೆ ಮೊದಲು ಕೇಳಿಸಿದುದು ಇಂಗ್ಲಿಷಿನಲ್ಲಿ. ರಿಷಬ್ ಶೆಟ್ಟಿಯವರ ಕನ್ನಡ ನಿರೂಪಣೆಯು ಡಿಸ್ಕವರಿ ವಾಹಿನಿಯಲ್ಲಿ ಬಂದುದು 2021ರ ಜೂನ್ ತಿಂಗಳಲ್ಲಿ, ಅದೂ ಹಿಂದಿ, ತಮಿಳು, ತೆಲುಗುಗಳ ಜೊತೆಯಲ್ಲಿ, ನಾಲ್ವರಲ್ಲಿ ಒಬ್ಬನಾಗಿ. ಮನೆಯ ಯಜಮಾನನಿಗೆ ನೆಂಟರ ಪಂಕ್ತಿಯಲ್ಲಿ ಎಲೆ ಹಾಕಿದಂತಾಯಿತು. ‘ಲೋಕಕ್ಕೆ ತಿಳಿಯಬೇಕಾದರೆ ಇಂಗ್ಲಿಷು ಬೇಡವೆ?’ ಎಂದು ಕೇಳುವವರುಂಟು. ಬೇಕು, ಬೇಡವೆಂದವರಾರು? ಎರಡನ್ನೂ ಒಂದೇ ದಿನ ಕೊಡಲು ಅಡ್ಡಿಯೇನಿತ್ತು ಎಂಬುದೇ ಪ್ರಶ್ನೆ.

ಭಾಷೆಯ ಮಾತು ಹಾಗಿರಲಿ. ಅದಕ್ಕಿಂತ ದೊಡ್ಡ ಆಕ್ಷೇಪಣೆಯೊಂದಿದೆ. ಆ ಕಾಡುಗಳಲ್ಲಿಯೇ ಹುಟ್ಟಿ ಬೆಳೆದ ಸೋಲಿಗರು, ಜೇನುಕುರುಬರು, ಕುಣಬಿಗಳು, ಸಿದ್ದಿಗಳು ಈ ಚಿತ್ರದಲ್ಲಿ ಗಣನೆಗೆ ಬರುವಷ್ಟು ಕಾಣಿಸಿಕೊಳ್ಳುವುದಿಲ್ಲ. ಕರ್ನಾಟಕದ ಕಾಡೆಂದರೆ ಮನುಷ್ಯನ ಹೆಜ್ಜೆ ಬೀಳದ ನಂದನವನವೆಂದು ಪ್ರೇಕ್ಷಕನು ತಿಳಿದು ಮನೆಗೆ ಹೋಗುತ್ತಾನೆ. ಇದು ನಿಜವೆ? ಬಿಳಿಗಿರಿರಂಗನ ಬೆಟ್ಟವನ್ನೇ ನೋಡಬಹುದು. ಸೋಲಿಗರು ತಲೆತಲಾಂತರದಿಂದ ಅಲ್ಲಿ ಬೇಸಗೆಯ ಮೊದಲಲ್ಲಿ ಒಣ ಎಲೆಗಳಿಗೆ ಹದವಾಗಿ ‘ತರಗು ಬೆಂಕಿ’ ಹಾಕುತ್ತಿದ್ದರು. 1974ರಲ್ಲಿ ಅದು ಅಭಯಾರಣ್ಯವಾಯಿತು, ಬೆಂಕಿಗೆ ತಡೆಬಂದಿತು. ಲಂಟಾನದ ಪೊದೆಯು ಕಾಡನ್ನೆಲ್ಲ ಮುಸುಕಿದುದು ಆ ಬೆಂಕಿ ನಿಂತ ಮೇಲೆ ಎಂಬುದು ಸೋಲಿಗರ ವಾದ. ಅದನ್ನು ಅಧ್ಯಯನಮಾಡಿ ಮನ್ನಿಸಿದ ವಿಜ್ಞಾನಿಗಳೂ ಇದ್ದಾರೆ. 2011ರಲ್ಲಿ ಅದೇ ಬೆಟ್ಟವು ಹುಲಿ ಸಂರಕ್ಷಿತ ಪ್ರದೇಶವಾದ ವರ್ಷವೇ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕೂ ದೊರೆಯಿತು. ಹುಲಿಯೂ ಮನುಷ್ಯನೂ ಒಂದೇ ಬೆಟ್ಟದಲ್ಲಿ ಬಾಳುವುದು ಹೇಗೆಂಬ ಇಂತಹ ಕಥೆಯು ಕೈಗೆಟಕುವ ದೂರದಲ್ಲಿರುವಾಗ, ಕಾಡನ್ನು ಮನುಷ್ಯರಿಂದ ಗುಡಿಸಿ ತೋರಿಸುವುದನ್ನು ಅರ್ಧಸಾಕ್ಷ್ಯವೆನ್ನದೆ ಬೇರೇನೆನ್ನಬೇಕು? ಅರಣ್ಯ ಇಲಾಖೆಯ ಸಹಕಾರದಿಂದ ತೆಗೆದ ಚಿತ್ರದಲ್ಲಿ ಇಲಾಖೆಗೆ ಇರಸುಮುರಸಾಗುವ ಪ್ರಶ್ನೆ ಬಾರದಿರುವುದು ಸಹಜವೆಂದು ಕೆಲವರು ಸಮಾಧಾನ ಹೇಳುತ್ತಾರೆ. ಸಹಜವೇ ಇರಬಹುದು. ಆದರೆ ಅದನ್ನು ತಿಳಿದಮೇಲೆ ನ್ಯಾಯಾಲಯವು ಆ ಸಾಕ್ಷಿಯ ಮಾತಿಗೆ ಎಷ್ಟು ಬೆಲೆ ಕಟ್ಟೀತು?

ಕಿವಿಯ ಮಾತೂ ಒಂದುಂಟು. ದೂರದಿಂದ ಉದ್ದನೆಯ ಮಸೂರವಿಟ್ಟು ಹಿಡಿದ ಪ್ರಾಣಿಯ ಹೆಜ್ಜೆಯ ಸಪ್ಪಳವು ಅಷ್ಟು ದೂರಕ್ಕೆ ಕೇಳಿಸಲಾರದು. ಆದುದರಿಂದ ಲೋಕದ ವನ್ಯಜೀವಿ ಚಿತ್ರಗಳಲ್ಲಿ ಕೇಳಿಸುವ ಹೆಜ್ಜೆ, ಮೆಲುಕು, ರೆಕ್ಕೆಯ ಬಡಿತಗಳಲ್ಲಿ ಬಹುಪಾಲು ಆಮೇಲೆ ಧ್ವನಿಶಾಲೆಯಲ್ಲಿ ಹುಟ್ಟಿದವು. ಹಿಮದ ಮೇಲೆ ಕರಡಿ ನಡೆಯುವ ಸದ್ದಿಗೆ ಮೆಕ್ಕೆಜೋಳದ ಪಿಷ್ಟವನ್ನು ಚೀಲದಲ್ಲಿಟ್ಟು ಹಿಸುಕುವ ಪದ್ಧತಿಯುಂಟು. ಇದನ್ನು ಮಹಾಪಾಪವೆನ್ನಬೇಕಾಗಿಲ್ಲ, ನಾಟಕದಲ್ಲಿ ತಗಡು ಬಡಿದು ಗುಡುಗು ಹುಟ್ಟಿಸುವುದಿಲ್ಲವೆ? ಆದರೆ ನಾಟಕದವನು ತನ್ನ ಗುಡುಗನ್ನು ಸಾಕ್ಷ್ಯವೆಂದು ಕರೆಯುವುದಿಲ್ಲ.

ಸಣ್ಣ ಸುಳ್ಳಿಗೆ ಸಲಿಗೆ ಕೊಟ್ಟರೆ ಅದು ಎಲ್ಲಿಗೆ ಮುಟ್ಟುವುದೆಂಬುದಕ್ಕೆ ಅಮೆರಿಕದಲ್ಲಿ ಪ್ರಸಿದ್ಧವಾದ ನಿದರ್ಶನವಿದೆ. ವಾಲ್ಟ್ ಡಿಸ್ನಿ ಸಂಸ್ಥೆಯು 1958ರಲ್ಲಿ ‘ವೈಟ್ ವೈಲ್ಡರ್‌ನೆಸ್’ ಎಂಬ ಚಿತ್ರವನ್ನು ಹೊರತಂದಿತು. ಲೆಮಿಂಗ್ ಎಂಬ ಇಲಿಜಾತಿಯ ಪ್ರಾಣಿಗಳು ಹಿಂಡುಹಿಂಡಾಗಿ ಕಡಿದಾದ ದಂಡೆಯಿಂದ ನೀರಿಗೆ ಹಾರಿ ಸಾಯುವುದನ್ನು ಜನರು ಅದರಲ್ಲಿ ಕಂಡರು. ಚಿತ್ರಕ್ಕೆ ಆಸ್ಕರ್ ಬಂದಿತು. 1982ರಲ್ಲಿ ಕೆನಡಾದ ಸಿ.ಬಿ.ಸಿ. ವಾಹಿನಿಯ ಕಾರ್ಯಕ್ರಮವೊಂದು ಗುಟ್ಟನ್ನು ಬಯಲಿಗೆಳೆಯಿತು. ಲೆಮಿಂಗ್‌ಗಳನ್ನು ಬೇರೆಡೆಯಿಂದ ಕೊಂಡುತಂದು, ಅವು ಸ್ವಾಭಾವಿಕವಾಗಿ ವಾಸಿಸದ ಸ್ಥಳದಲ್ಲಿ ಬಿಟ್ಟು, ತಿರುಗುವ ಹಲಗೆಯ ಮೇಲೆ ಓಡಿಸಿ ಹಿಂಡೆಂಬ ಭ್ರಮೆ ಹುಟ್ಟಿಸಿ, ಕಡೆಗೆ ನದಿಗೆ ತಳ್ಳಿದ್ದರು. ಲೆಮಿಂಗ್ ಆತ್ಮಹತ್ಯೆ ಮಾಡಿಕೊಳ್ಳುವ ಪ್ರಾಣಿಯಲ್ಲ. ಆದರೂ ಆ ಮಾತು ಇಂದಿಗೂ ಗಾದೆಯಂತೆ ಓಡಾಡುತ್ತಿದೆ. ಸಾಕ್ಷಿಯ ಬಾಯಿಂದ ಬಂದ ಸುಳ್ಳಿನ ಆಯುಸ್ಸು ಅಷ್ಟು ದೀರ್ಘ.

‘ಅದು ಹಳೆಯ ಕಾಲದ ಮಾತು; ಈಗಿನವರು ಹಾಗಿಲ್ಲ’ ಎನ್ನಬಹುದು. ಹಾಗಿಲ್ಲವೆಂಬುದು ಬಹುಮಟ್ಟಿಗೆ ದಿಟ. ಆದರೆ 2011ರಲ್ಲಿ ಬಿ.ಬಿ.ಸಿ.ಯ ‘ಫ್ರೋಜನ್ ಪ್ಲಾನೆಟ್’ ಸರಣಿಯಲ್ಲಿ ಹಿಮಕರಡಿಯ ನವಜಾತ ಮರಿಗಳನ್ನು ತೋರಿಸಿದಾಗ, ಆ ದೃಶ್ಯವನ್ನು ತೆಗೆದುದು ನೆದರ್‌ಲೆಂಡ್ಸಿನ ಮೃಗಾಲಯವೊಂದರಲ್ಲಿ ಎಂಬುದನ್ನು ನಿರೂಪಣೆಯು ಹೇಳಲಿಲ್ಲ. ಕಾಡಿನ ಗುಹೆಯಲ್ಲಿ ಕ್ಯಾಮೆರಾ ಇಟ್ಟರೆ ಮರಿಗಳ ಪ್ರಾಣಕ್ಕೆ ಅಪಾಯವೆಂಬ ಸಮರ್ಥನೆಯು ಬಂದಿತು; ಅಂತರ್ಜಾಲದ ಪುಟದಲ್ಲಿ ಸಂಗತಿಯನ್ನು ತಿಳಿಸಿದೆವೆಂಬ ಉತ್ತರವೂ ಬಂದಿತು. ಮೊದಲನೆಯದು ಒಪ್ಪತಕ್ಕ ಮಾತು. ಎರಡನೆಯದು ಒಪ್ಪತಕ್ಕುದಲ್ಲ. ಸಭೆಯಲ್ಲಿ ಆಡಿದ ಮಾತಿಗೆ ಹಿತ್ತಲಿನಲ್ಲಿ ತಿದ್ದುಪಡಿ ಹೇಳಿದರೆ ಸಭೆಗೆ ತಿಳಿಯುವುದೆಂತು? ‘ಇದು ಮೃಗಾಲಯದ ದೃಶ್ಯ’ ಎಂಬ ಮೂರು ಪದಗಳಿಂದ ರಸಭಂಗವಾಗುವುದಾದರೆ ಆ ರಸವು ಅಷ್ಟು ಗಟ್ಟಿಯದಲ್ಲವೆಂದೇ ತಿಳಿಯಬೇಕು.

ಈ ಗುಂಪಿನ ನಡುವೆ ‘ದಿ ಎಲಿಫೆಂಟ್ ವಿಸ್ಪರರ್ಸ್’ ಎಂಬ 2022ರ ಕಿರುಚಿತ್ರವು ಬೇರೆಯ ದಾರಿ ಹಿಡಿಯಿತು. ಬಂಡೀಪುರದ ಗಡಿಯಾಚೆ ಮುದುಮಲೆಯ ತೆಪ್ಪಕಾಡು ಶಿಬಿರದಲ್ಲಿ ಬೊಮ್ಮನ್, ಬೆಳ್ಳಿ ಎಂಬ ಕಾಟ್ಟುನಾಯಕ ದಂಪತಿಗಳು ರಘು, ಅಮ್ಮು ಎಂಬ ತಬ್ಬಲಿ ಆನೆಮರಿಗಳನ್ನು ಸಾಕಿದ ಬಗೆಯನ್ನು ಕಾರ್ತಿಕಿ ಗೊನ್ಸಾಲ್ವೆಸ್ ಅವರು ನಲವತ್ತು ನಿಮಿಷಗಳಲ್ಲಿ ತೋರಿಸಿದರು. ಇಲ್ಲಿ ಕಾಡಿನ ಮನುಷ್ಯರಿದ್ದಾರೆ. ತಮ್ಮ ಬಾಯಿಂದ ತಾವೇ ಮಾತನಾಡುತ್ತಾರೆ. ಪರದೇಶದ ಕಂಠವು ನಡುವೆ ಬಂದು ಅರ್ಥ ಹೇಳುವುದಿಲ್ಲ. 2023ರ ಆಸ್ಕರ್ ಈ ಚಿತ್ರಕ್ಕೆ ಬಂದುದು ಅನ್ಯಾಯವೇನೂ ಅಲ್ಲ. ಆದರೆ ಪ್ರೀತಿಯನ್ನು ತೋರಿಸುವುದರಲ್ಲಿ ಮೈಮರೆತ ಚಿತ್ರವು ಪ್ರಶ್ನೆ ಕೇಳುವುದನ್ನು ಮರೆಯಿತು. ರಘುವಿನ ತಾಯಿ ವಿದ್ಯುತ್ತು ತಗುಲಿ ಸತ್ತಿತೆಂದು ಹೇಳಿ ಚಿತ್ರವು ಮುಂದೆ ಸಾಗುತ್ತದೆ. ಆ ತಂತಿ ಯಾರದು, ಆನೆಗಳು ಊರಿನ ಕಡೆಗೆ ಬರುವಂತೆ ಮಾಡಿದವರು ಯಾರು ಎಂಬುದರ ಬೆನ್ನು ಹತ್ತುವುದಿಲ್ಲ. ಬೆಳೆದ ರಘುವನ್ನು ಇಲಾಖೆಯು ಬೇರೆ ಮಾವುತರಿಗೆ ಒಪ್ಪಿಸುವಾಗ ಆ ದಂಪತಿಗಳ ದುಃಖವನ್ನು ಕಂಡು ಪ್ರೇಕ್ಷಕನು ಕಣ್ಣೊರೆಸಿಕೊಳ್ಳುತ್ತಾನೆ. ಆ ತೀರ್ಮಾನ ಮಾಡಿದವರನ್ನು ‘ಏಕೆ?’ ಎಂದು ಚಿತ್ರವು ಕೇಳುವುದಿಲ್ಲ. ಮರಿಯನ್ನು ಮಗನಂತೆ ಸಾಕಿದವಳಿಗೆ ಆ ಪ್ರಶ್ನೆಯ ಉತ್ತರವಾದರೂ ಸಲ್ಲಬೇಕಾಗಿತ್ತು.

ಇನ್ನು ವೀರಪ್ಪನ್‌ನ ಕಥೆ. 2023ರ ಆಗಸ್ಟ್‌ನಲ್ಲಿ ನೆಟ್‌ಫ್ಲಿಕ್ಸ್ ‘ದಿ ಹಂಟ್ ಫಾರ್ ವೀರಪ್ಪನ್’ ಎಂಬ ನಾಲ್ಕು ಕಂತುಗಳ ಸರಣಿಯನ್ನು ತಂದಿತು. ಅದೇ ವರ್ಷದ ಕೊನೆಯಲ್ಲಿ ಜ಼ೀ5 ‘ಕೂಸೆ ಮುನಿಸಾಮಿ ವೀರಪ್ಪನ್’ ಎಂಬುದನ್ನು ತಂದಿತು. ಎರಡನೆಯದರಲ್ಲಿ, ಬದುಕಿದ್ದಾಗ ನಕ್ಕೀರನ್ ಪತ್ರಿಕೆಯವರು ಚಿತ್ರಿಸಿಕೊಂಡ ಅವನ ಮಾತೇ ಆಧಾರ. ಮೊದಲನೆಯದರಲ್ಲಿ ಅವನ ಹೆಂಡತಿಯ ಮಾತಿಗೆ ಅಗ್ರಸ್ಥಾನ. ಅಪರಾಧಿಗೂ ಅವನ ಮನೆಯವರಿಗೂ ಮಾತನಾಡುವ ಹಕ್ಕಿಲ್ಲವೆಂದು ಯಾರೂ ಹೇಳರು. ಆದರೆ ಮಂಜು ಕವಿದ ಬೆಟ್ಟದ ಮೇಲೆ ಡ್ರೋನು ತೇಲುವಾಗ, ಕೆಳಗೆ ಮೃದಂಗದಂತೆ ಎದೆಬಡಿತದ ಸಂಗೀತವು ಏರುವಾಗ, ಆ ದೊಡ್ಡ ಮೀಸೆಯು ಪರದೆಯನ್ನೆಲ್ಲ ತುಂಬುವಾಗ, ಪ್ರೇಕ್ಷಕನ ಮನಸ್ಸು ಯಾರ ಪಕ್ಷಕ್ಕೆ ವಾಲುವುದೆಂಬುದು ತೆಗೆದವರಿಗೆ ಗೊತ್ತಿಲ್ಲದ ವಿಷಯವೆ? ದಂತಕ್ಕಾಗಿ ಆನೆಗಳನ್ನು ಕೊಂದು, ಗಂಧದ ಮರಗಳನ್ನು ಕಡಿದು, 1993ರ ಏಪ್ರಿಲ್‌ನಲ್ಲಿ ಪಾಲಾರಿನ ಬಳಿ ನೆಲಬಾಂಬಿನಿಂದ 22 ಜನರನ್ನು ಸಿಡಿಸಿದವನು ಅವನು. ಪಿ. ಶ್ರೀನಿವಾಸ್ ಎಂಬ ಅರಣ್ಯಾಧಿಕಾರಿ ವೀರಪ್ಪನ್ನನ ಹುಟ್ಟೂರಾದ ಗೋಪಿನಾಥದಲ್ಲಿಯೇ ಇದ್ದು, ಅಲ್ಲಿಯ ಜನರಿಗೆ ಮನೆ ಕಟ್ಟಿಸಿ, ಮಾರಿಯಮ್ಮನ ಗುಡಿ ಕಟ್ಟಿಸಿ, ಬಂದೂಕಿನಿಂದಲ್ಲದೆ ಮಾತಿನಿಂದ ಊರನ್ನು ಒಲಿಸಿಕೊಂಡವರು. ಶರಣಾಗತಿಯ ಮಾತನ್ನು ನಂಬಿ ಹೋಗಿ 1991ರ ನವೆಂಬರ್‌ನಲ್ಲಿ ಕೊಲೆಯಾದರು. ಮರಣೋತ್ತರವಾಗಿ ಕೀರ್ತಿಚಕ್ರ ಬಂದಿತು. ಇಡಿಯ ಒಂದು ಚಿತ್ರಕ್ಕೆ ಸಾಲುವಷ್ಟು ದೊಡ್ಡ ಬಾಳು ಅದು. ಬೇಟೆಯ ಕಥೆಯಲ್ಲಿ ಅದು ಒಂದು ತಿರುವು ಮಾತ್ರವಾಗಿ ಕಳೆದುಹೋಗುತ್ತದೆ.

ಮಾತಿಲ್ಲದವರು ಇನ್ನೂ ಇದ್ದಾರೆ. ಬೆಟ್ಟದ ಸುತ್ತಣ ಹಳ್ಳಿಗಳಲ್ಲಿ ಎರಡು ರಾಜ್ಯಗಳ ಕಾರ್ಯಪಡೆಗಳು ನಡೆಸಿದ ಹಿಂಸೆಯನ್ನು ವಿಚಾರಿಸಲು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ನ್ಯಾಯಮೂರ್ತಿ ಸದಾಶಿವ ಅವರ ಸಮಿತಿಯನ್ನು ನೇಮಿಸಿತು. 2007ರಲ್ಲಿ 89 ಮಂದಿಗೆ ಪರಿಹಾರ ಕೊಡಬೇಕೆಂದು ಆಯೋಗವು ಹೇಳಿತು. ಟಾಡಾ ಶಾಸನದಡಿ ಸೆರೆಯಾಗಿ ಮೈಸೂರಿನ ಕಾರಾಗೃಹದಲ್ಲಿ ವರ್ಷಗಟ್ಟಲೆ ಕೊಳೆತು, 2001ರಲ್ಲಿ ನಿರಪರಾಧಿಗಳೆಂದು ಹೊರಬಂದವರೂ ಅನೇಕರು. ನೆಟ್‌ಫ್ಲಿಕ್ಸ್‌ನ ಸರಣಿಯು ಈ ಹಿಂಸೆಯನ್ನು ಹೇಳುವುದೇ ಇಲ್ಲವೆಂದರೆ ಅನ್ಯಾಯವಾದೀತು, ಹೇಳುತ್ತದೆ. ಹೇಳಿ, ಮತ್ತೆ ಮೀಸೆಯ ಬಳಿಗೆ ಓಡಿಹೋಗುತ್ತದೆ.

ವೀರಪ್ಪನ್ 2000ದ ಜುಲೈ 30ರಂದು ಗಾಜನೂರಿನಿಂದ ರಾಜಕುಮಾರ್ ಅವರನ್ನು ಒಯ್ದು 108 ದಿನ ಕಾಡಿನಲ್ಲಿಟ್ಟುದನ್ನು ಕನ್ನಡಿಗರು ಮರೆತಿಲ್ಲ. 1973ರ ‘ಗಂಧದ ಗುಡಿ’ಯಲ್ಲಿ ಕಾಡುಗಳ್ಳರೊಡನೆ ಹೋರಾಡುವ ಅರಣ್ಯಾಧಿಕಾರಿಯಾಗಿದ್ದವರನ್ನು ದಿಟವಾದ ಗಂಧಗಳ್ಳನೇ ಹೊತ್ತೊಯ್ದನು. ಅವರ ಮಗ ಪುನೀತ್ ರಾಜಕುಮಾರ್ ಅದೇ ಹೆಸರಿನ ಸಾಕ್ಷ್ಯಚಿತ್ರಕ್ಕಾಗಿ ವೇಷವಿಲ್ಲದೆ, ಪಾತ್ರವಿಲ್ಲದೆ ಕಾಡು ಸುತ್ತಿದರು. ಅವರು ತೀರಿಕೊಂಡುದು 29 ಅಕ್ಟೋಬರ್ 2021. ಚಿತ್ರವು ಬಂದುದು 28 ಅಕ್ಟೋಬರ್ 2022, ವರ್ಷ ತುಂಬುವ ಮುನ್ನಾದಿನ. ಚಿತ್ರಮಂದಿರಕ್ಕೆ ಹೋದ ಜನರಲ್ಲಿ ಕಾಡನ್ನು ನೋಡಲು ಹೋದವರು ಎಷ್ಟು ಮಂದಿಯೋ! ಶೋಕದ ಎದುರಿಗೆ ವಿಮರ್ಶೆಯು ಬಾಯಿ ಮುಚ್ಚಿಕೊಂಡಿತು. ಹಾಗಾದುದರಿಂದ ಚಿತ್ರದ ದೋಷಗಳನ್ನು ಯಾರೂ ಹೇಳಲಿಲ್ಲ. ಅದಕ್ಕಿಂತ ಮುಖ್ಯವಾಗಿ ಅದರ ನಿಜವಾದ ಗುಣವನ್ನೂ ಯಾರೂ ಗುರುತಿಸಲಿಲ್ಲ.

ದೋಷಗಳು ಕಣ್ಣಿಗೆ ರಾಚುವಂಥವು. ನಿಧಾನಗತಿಯ ನಡಿಗೆ, ಹೆಜ್ಜೆಹೆಜ್ಜೆಗೂ ಉಕ್ಕುವ ಸಂಗೀತ, ನಟನ ಮುಖಕ್ಕಾಗಿ ಕಾಡನ್ನು ಹಿಂದಣ ಪರದೆಯಾಗಿಸುವ ಚಪಲ, ಇವೆಲ್ಲ ಇಲ್ಲಿವೆ. ‘ವೈಲ್ಡ್ ಕರ್ನಾಟಕ’ದ ಬಿಗಿಯ ಮುಂದೆ ಇದು ಸಡಿಲವಾದ ಹೆಣಿಗೆ. ಆದರೆ ನಿರ್ದೇಶಕ ಅಮೋಘವರ್ಷ ಇಲ್ಲಿ ಕ್ಯಾಮೆರಾದ ಹಿಂದೆ ಅಡಗಿಲ್ಲ. ಎದುರಿಗೆ ಬಂದು ಗೆಳೆಯನ ಜೊತೆಯಲ್ಲಿ ನಡೆಯುತ್ತಾರೆ, ಕನ್ನಡದಲ್ಲಿ ಮಾತನಾಡುತ್ತಾರೆ. ನೋಡುತ್ತಿರುವವನು ಪೇಟೆಯವನು, ಹೊರಗಿನಿಂದ ಬಂದವನು, ಬೆರಗಾಗುವವನು ಎಂಬುದು ಪ್ರೇಕ್ಷಕನಿಗೆ ಮೊದಲಿನಿಂದಲೇ ಗೊತ್ತಿರುತ್ತದೆ. ಸಾಕ್ಷಿಯ ಹೆಸರು, ಊರು, ನಿಂತ ಜಾಗ ಎಲ್ಲವೂ ಕಡತದಲ್ಲಿವೆ. ಅವನ ಮಾತನ್ನು ಎಷ್ಟರಮಟ್ಟಿಗೆ ನಂಬಬೇಕೆಂಬುದನ್ನು ಕೇಳುವವನೇ ಅಳೆದುಕೊಳ್ಳಬಲ್ಲನು. ಆಕಾಶದಿಂದಿಳಿದ ಇಂಗ್ಲಿಷ್ ಕಂಠಕ್ಕೆ ಊರಿಲ್ಲ, ನಿಂತ ಜಾಗವಿಲ್ಲ. ಎರಡೂ ಚಿತ್ರಗಳಲ್ಲಿ ದುಡಿದ ಕೈ ಒಂದೇ. ಹೆಚ್ಚು ಸುಂದರವಾದುದಕ್ಕೆ ಪ್ರಶಸ್ತಿ ಬಂದಿತು. ಹೆಚ್ಚು ಪ್ರಾಮಾಣಿಕವಾದುದಕ್ಕೆ ಕಣ್ಣೀರು ಬಂದಿತು. ಪಾಟೀಸವಾಲು ಎರಡಕ್ಕೂ ಇನ್ನೂ ಬಾಕಿಯಿದೆ.